ಅದೇ ವಾಚನ, ಬೇರೆ ಕಾಲ: ಸಂಪಾದಕರ ಉತ್ತರ

ಮಾನ್ಯ ಓದುಗರೇ,

ಭಾನುವಾರದ ಬಲಿಪೂಜೆಯಲ್ಲಿ ಓದುವ ಬೈಬಲ್ ಭಾಗಗಳಾದ ವಾಚನಗಳ ಮೇಲೆ ನಾವು ಪ್ರಕಟಿಸುತ್ತಿರುವ ಚಿಂತನೆಗಳನ್ನು ಕುರಿತು ತಾವು ಬರೆದ ಪತ್ರ ತಲುಪಿದೆ. ಆಗಮನ ಕಾಲದ ಮೊದಲ ಭಾನುವಾರ, ಕ್ರಿಸ್ತಜಯಂತಿಗೆ ಮನಸ್ಸು ಅಣಿಯಾಗಬೇಕಾದ ಹೊತ್ತಿನಲ್ಲಿ, ಲೋಕಾಂತ್ಯದ ಮಾತೇಕೆ ಎಂದು ತಾವು ಕೇಳಿದ್ದೀರಿ. ಅವೇ ವಾಕ್ಯಭಾಗಗಳು ಮರಳಿ ಬರುವುದರಿಂದ ಚಿಂತನೆಯೂ ಚರ್ವಿತಚರ್ವಣವಾಗಿದೆ ಎಂದೂ, ಅದಕ್ಕಿಂತ ಬೈಬಲನ್ನು ಆದಿಕಾಂಡದಿಂದ ಹಿಡಿದು ಅಧ್ಯಾಯದ ಮೇಲೆ ಅಧ್ಯಾಯವಾಗಿ ವಿವರಿಸುವುದು ಮೇಲೆಂದೂ ಹೇಳಿದ್ದೀರಿ. ವಾಚನಗಳಲ್ಲಿ ನಡುನಡುವೆ ವಚನಗಳನ್ನು ಕತ್ತರಿಸುವುದು ಶ್ರೋತೃಗಳಿಗೆ ಮಾಡುವ ಅನ್ಯಾಯ ಎಂಬ ಮಾತನ್ನೂ ಸೇರಿಸಿದ್ದೀರಿ.

ಆಗಮನ ಕಾಲದ ಪ್ರಶ್ನೆಗೆ ಉತ್ತರ ಆ ಕಾಲದ ರಚನೆಯಲ್ಲೇ ಇದೆ. ಡಿಸೆಂಬರ್ 16ರವರೆಗೆ ಧರ್ಮಸಭೆಯ ದೃಷ್ಟಿ ಮುಖ್ಯವಾಗಿ ಕ್ರಿಸ್ತರ ಪುನರಾಗಮನದ ಕಡೆಗಿರುತ್ತದೆ. 17ರಿಂದ 24ರವರೆಗಿನ ದಿನಗಳು ಮಾತ್ರ ನೇರವಾಗಿ ಅವರ ಜನನದತ್ತ ತಿರುಗುತ್ತವೆ. ಯೇಸುವಿನ ಜೀವನವನ್ನು ಹೇಳುವ ಶುಭಸಂದೇಶಗಳಲ್ಲಿ ಒಂದಾದ ಮತ್ತಾಯನ ಗ್ರಂಥದ ಮೊದಲ ಅಧ್ಯಾಯದ ವಂಶಾವಳಿಯನ್ನು 17ರಂದು ಓದುವುದು ಈ ಕಾರಣಕ್ಕೆ. ಮೂರು ವರ್ಷದ ಸುತ್ತಿನಲ್ಲಿ ಮತ್ತಾಯನ ಶುಭಸಂದೇಶಕ್ಕೆ ಮೀಸಲಾದ ವರ್ಷದ, ಅಂದರೆ ಮತ್ತಾಯನ ವರ್ಷದ, ಮೊದಲ ಭಾನುವಾರ ಜಲಪ್ರಳಯದ ನೋಹನ ದಿನಗಳ ಎಚ್ಚರಿಕೆಯ ಜೊತೆಗೆ, ಕತ್ತಿಗಳನ್ನು ಕುಲುಮೆಗೆ ಹಾಕಿ ನೇಗಿಲಿನ ಗುಳಗಳನ್ನಾಗಿಸುವ ಯೆಶಾಯನ ದರ್ಶನವೂ ಕೇಳಿಬರುತ್ತದೆ. ಬೆದರಿಕೆಯನ್ನಷ್ಟೇ ಕೇಳಿಸಿಕೊಂಡವರು ಮೊದಲನೆಯ ವಾಚನವನ್ನು ಕಿವಿಗೆ ಹಾಕಿಕೊಂಡಿಲ್ಲ ಎನ್ನಬೇಕಾಗುತ್ತದೆ.

ಪುನರಾವರ್ತನೆಯ ಆಕ್ಷೇಪಕ್ಕೆ ಹೆಚ್ಚು ವಿವರವಾಗಿ ಉತ್ತರಿಸಬೇಕು, ಏಕೆಂದರೆ ನಮ್ಮ ಅಂಕಣದ ಬುನಾದಿಯೇ ಅಲ್ಲಿದೆ. ಯೇಸುಸ್ವಾಮಿ ಬೆಟ್ಟದ ಮೇಲೆ ಶಿಷ್ಯರೆದುರು ಪ್ರಕಾಶಮಾನರಾಗಿ ಕಾಣಿಸಿಕೊಂಡ ರೂಪಾಂತರದ ಪ್ರಸಂಗವನ್ನು ತೆಗೆದುಕೊಳ್ಳಿ. ಅದು ಪ್ರತಿ ವರ್ಷ, ಪುನರುತ್ಥಾನದ ಹಬ್ಬವಾದ ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದ ಎರಡನೆಯ ಭಾನುವಾರ ಒಮ್ಮೆ, ಆಗಸ್ಟ್ 6ರ ಹಬ್ಬದಂದು ಮತ್ತೊಮ್ಮೆ ಬರುತ್ತದೆ. ಬೆಟ್ಟ ಅದೇ, ಬೆಳ್ಳನೆಯ ಉಡುಪು ಅದೇ, ಮೋಶೆ ಎಲೀಯರೂ ಅವರೇ. ಆದರೆ ಆಗಸ್ಟ್‌ನಲ್ಲಿ ಅದರ ಪಕ್ಕದಲ್ಲಿರುವುದು ದಾನಿಯೇಲನ ದರ್ಶನ: ಅಗ್ನಿಜ್ವಾಲೆಯ ಸಿಂಹಾಸನ, ಸೇವೆಗೆ ನಿಂತ ಲಕ್ಷೋಪಲಕ್ಷ ಜನ, ಮೇಘಗಳೊಡನೆ ಬರುವ ನರಪುತ್ರನಂಥವನು. ಆ ದಿನ ಶುಭಸಂದೇಶ ಮಹಿಮೆಯ ಘೋಷಣೆಯಾಗಿ ಕೇಳಿಸುತ್ತದೆ.

ತಪಸ್ಸುಕಾಲದಲ್ಲಿ ಅದರ ಪಕ್ಕಕ್ಕೆ ಬರುವವನು ಅಬ್ರಹಾಮ, ಅದೂ ಮೂರು ವರ್ಷ ಮೂರು ರೀತಿಯಲ್ಲಿ. ಮತ್ತಾಯನ ವರ್ಷದಲ್ಲಿ ಅವನು ಸ್ವಂತ ನಾಡನ್ನು ಬಿಟ್ಟು ಹೊರಡುತ್ತಾನೆ. ಲೂಕನ ವರ್ಷದಲ್ಲಿ ಕವಿದ ಕತ್ತಲಲ್ಲಿ ದೇವರು ಅವನೊಡನೆ ಒಡಂಬಡಿಕೆ ಮಾಡಿಕೊಳ್ಳುತ್ತಾರೆ. ಮಾರ್ಕನ ವರ್ಷದಲ್ಲಿ ಅವನು ಮಗ ಇಸಾಕನ ಮೇಲೆ ಕತ್ತಿ ಎತ್ತುತ್ತಾನೆ. ಈ ಕೊನೆಯದರ ಬೆನ್ನಿಗೇ, ದೇವರು ತಮ್ಮ ಸ್ವಂತ ಪುತ್ರನನ್ನೂ ಉಳಿಸಿಕೊಳ್ಳದೆ ನಮಗಾಗಿ ಒಪ್ಪಿಸಿಕೊಟ್ಟರು ಎಂಬ ಪೌಲನ ಮಾತು ರೋಮನರಿಗೆ ಬರೆದ ಪತ್ರದಿಂದ ಬರುತ್ತದೆ. ಇಷ್ಟನ್ನು ಕೇಳಿದ ಮೇಲೆ ಮೋಡದೊಳಗಿಂದ ‘ಈತನೇ ನನ್ನ ಪ್ರಿಯ ಪುತ್ರ’ ಎಂಬ ಧ್ವನಿ ಹೊರಟರೆ, ಆಗಸ್ಟ್‌ನಲ್ಲಿ ಬೆಳಕಾಗಿದ್ದ ಮಾತಿನ ಮೇಲೆ ಇಲ್ಲಿ ಶಿಲುಬೆಯ ನೆರಳು ಬೀಳುತ್ತದೆ. ಅಬ್ರಹಾಮ ಕತ್ತಿ ಎತ್ತಿದ ಮೊರೀಯದ ಬೆಟ್ಟದಲ್ಲಿ ಮಗ ಉಳಿದ. ರೂಪಾಂತರದ ಈ ಬೆಟ್ಟದಿಂದ ಇಳಿದವರು ಹೋಗುವುದು ಶಿಲುಬೆ ಕಾದಿರುವ ಜೆರುಸಲೇಮಿಗೆ. ಒಂದು ಅಕ್ಷರವೂ ಬದಲಾಗದೆ ಅರ್ಥದ ಭಾರ ಬದಲಾಗುವ ಈ ಬಗೆಯನ್ನು ತೋರಿಸದೆ, ರೂಪಾಂತರವೆಂದರೇನು ಎಂದು ಪ್ರತಿ ಸಲವೂ ಮೊದಲಿನಿಂದ ವಿವರಿಸುವ ಲೇಖನವನ್ನು ತಾವು ಹಳಸಲೆಂದರೆ ನಾನು ಅಡ್ಡ ಬರುವುದಿಲ್ಲ. ಅಂಥ ಹಸ್ತಪ್ರತಿಗಳು ನಮ್ಮ ಮೇಜಿಗೂ ಬರುತ್ತವೆ, ಹಿಂದಿರುಗಿಯೂ ಹೋಗುತ್ತವೆ.

ಆದಿಕಾಂಡದಿಂದ ಕ್ರಮವಾಗಿ ಓದುವುದು ಮನೆಯ ಓದಿಗೆ ಉತ್ತಮ ಕ್ರಮವೇ. ಬಲಿಪೂಜೆಯ ಕ್ರಮ ಬೇರೆ. ಬೈಬಲಿನ ಭಂಡಾರವನ್ನು ಭಕ್ತಜನರಿಗೆ ಇನ್ನಷ್ಟು ಧಾರಾಳವಾಗಿ ತೆರೆಯಬೇಕೆಂದು ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಹೇಳಿತು. 1969ರಲ್ಲಿ ಹೊಸ ವಾಚನಕ್ರಮ ಬಂದಿತು. ಅದಕ್ಕೆ ಮುಂಚೆ ಭಾನುವಾರದ ವಾಚನಗಳು ಒಂದೇ ವರ್ಷದ ಸುತ್ತಿನವು, ಹಳೆಯ ಒಡಂಬಡಿಕೆಯಂತೂ ಭಾನುವಾರಗಳಲ್ಲಿ ಅಪರೂಪ. ಈಗ ಮತ್ತಾಯ, ಮಾರ್ಕ, ಲೂಕರಿಗೆ ಒಂದೊಂದು ವರ್ಷ. ಯೊವಾನ್ನನಿಗೆ ಮುಖ್ಯವಾಗಿ ತಪಸ್ಸುಕಾಲ ಮತ್ತು ಪಾಸ್ಖಕಾಲ, ಜೊತೆಗೆ ಮಾರ್ಕನ ವರ್ಷದ ನಡುವೆ ಜೀವದ ರೊಟ್ಟಿಯ ಅಧ್ಯಾಯಕ್ಕೆಂದು ಐದು ಭಾನುವಾರ.

ಪುಸ್ತಕದ ಕ್ರಮಕ್ಕಿಂತ ಕಾಲದ ಕ್ರಮ ಹೇಗೆ ಮೇಲುಗೈಯಾಗುತ್ತದೆ ಎಂಬುದನ್ನು ನೋಡಬೇಕಾದರೆ ಲೂಕನ ವರ್ಷದಲ್ಲಿ ವಿಶೇಷ ಕಾಲಗಳ ಹೊರಗಿನ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ಗಮನಿಸಿ. ಲೂಕನು ಥೆಯೊಫಿಲನಿಗೆ ಬರೆದ ಪೀಠಿಕೆಯ ನಾಲ್ಕು ವಚನಗಳಾದ ಕೂಡಲೇ ಶುಭಸಂದೇಶ ನಾಲ್ಕನೆಯ ಅಧ್ಯಾಯಕ್ಕೆ, ನಜರೇತಿನ ಪ್ರಾರ್ಥನಾಮಂದಿರಕ್ಕೆ ಜಿಗಿಯುತ್ತದೆ. ನಡುವಣ ಜನನ, ಸ್ನಾನದೀಕ್ಷೆ, ಶೋಧನೆಗಳು ಕಳೆದುಹೋಗಿಲ್ಲ. ಅವುಗಳಿಗೆ ವರ್ಷದಲ್ಲಿ ಅವುಗಳದೇ ದಿನಗಳಿವೆ. ಅಂದಿನ ಮೊದಲನೆಯ ವಾಚನದಲ್ಲಿ ಎಜ್ರನು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ, ಜನ ಅಳುತ್ತಾರೆ. ಶುಭಸಂದೇಶದಲ್ಲಿ ಯೇಸು ಯೆಶಾಯನ ಸುರುಳಿಯನ್ನು ಓದಿ, ಇದು ಇಂದು ನೆರವೇರಿದೆ ಎನ್ನುತ್ತಾರೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದ್ದು ಸಾಧಾರಣ ಕಾಲದ ಈ ಮೂರನೆಯ ಭಾನುವಾರವನ್ನೇ.

ಕತ್ತರಿಯ ವಿಷಯದಲ್ಲಿ ಮಾತ್ರ ತಮ್ಮ ಪಕ್ಷಕ್ಕೆ ಬಲವಿದೆ. ಮೇಲೆ ಹೇಳಿದ ಇಸಾಕನ ವಾಚನದಲ್ಲಿಯೇ ಆದಿಕಾಂಡ 22ರ ಮೂರರಿಂದ ಎಂಟರವರೆಗಿನ ವಚನಗಳಿಲ್ಲ. ಅಂದರೆ ಸೌದೆ ಹೊತ್ತು ನಡೆಯುವ ಮಗ, ಬೆಂಕಿಯೂ ಸೌದೆಯೂ ಇವೆ, ಬಲಿಗೆ ಕುರಿ ಎಲ್ಲಿ ಎಂದು ತಂದೆಯನ್ನು ಕೇಳುವ ಭಾಗವೇ ಹೋಗಿದೆ. ಓದು ಚಿಕ್ಕದಾಗಲಿ ಎಂಬ ಉದ್ದೇಶ ಅರ್ಥವಾಗುತ್ತದೆ, ಆದರೂ ನನ್ನ ಮಟ್ಟಿಗೆ ಇದು ದುಬಾರಿ ಉಳಿತಾಯ. ಪಾಸ್ಖದ ಹಿಂದಿನ ರಾತ್ರಿಯ ಜಾಗರಣೆಯ ಏಳು ಹಳೆಯ ಒಡಂಬಡಿಕೆಯ ವಾಚನಗಳಲ್ಲಿ ಎರಡನೆಯದಾಗಿ ಇದೇ ಅಧ್ಯಾಯ ಬರುತ್ತದೆ. ಅದರ ದೀರ್ಘ ರೂಪವನ್ನು ಓದಿದರೆ ಇಸಾಕನ ಪ್ರಶ್ನೆ ಆ ರಾತ್ರಿ ಕೇಳಿಸುತ್ತದೆ. ಅನೇಕ ಕಡೆ ಸಮಯದ ನೆಪದಲ್ಲಿ ಅದನ್ನು ಬಿಡುವುದೂ ಉಂಟು.

ಇನ್ನು ಎರಡನೆಯ ವಾಚನವನ್ನು ನಮ್ಮ ಲೇಖಕರು ಅನೇಕ ಸಲ ಮುಟ್ಟುವುದಿಲ್ಲ ಎಂಬ ತಮ್ಮ ಟಿಪ್ಪಣಿಗೆ ಒಂದು ಮಾತು. ಸಾಧಾರಣ ಕಾಲದ ಭಾನುವಾರಗಳಲ್ಲಿ ಮೊದಲನೆಯ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸಲಾಗಿದೆ. ಎರಡನೆಯದು ಪ್ರೇಷಿತರ ಪತ್ರಗಳ ಬೇರೆಯದೇ ಸರಣಿ. ಮೂರನ್ನೂ ಬಲವಂತವಾಗಿ ಒಂದೇ ದಾರದಲ್ಲಿ ಪೋಣಿಸಬೇಡಿ ಎಂದು ಅವರಿಗೆ ಹೇಳಿರುವವನು ನಾನೇ.

ಅಂಕಣದ ಕ್ರಮ ಹೀಗೆಯೇ ಮುಂದುವರಿಯುತ್ತದೆ. ಆದರೆ ಬರುವ ಆಗಮನ ಕಾಲದಿಂದ, ವಾಚನದಲ್ಲಿ ಬಿಟ್ಟ ವಚನಗಳಿದ್ದರೆ ಅವುಗಳ ಸಂಖ್ಯೆಯನ್ನೂ, ಅವುಗಳಲ್ಲಿ ಏನಿದೆ ಎಂಬ ಎರಡು ಸಾಲಿನ ಸೂಚನೆಯನ್ನೂ ಚಿಂತನೆಯ ಕೆಳಗೆ ಅಚ್ಚು ಮಾಡುತ್ತೇವೆ. ಅದನ್ನು ಸೂಚಿಸಿದ್ದು ತಮ್ಮ ಪತ್ರ.

— ಸಂಪಾದಕ