ಸ್ನೇಹಿತರೊಡನೆ ಅಧ್ಯಾಯ ಹಂಚಿಕೊಂಡು ಸಿಇಟಿ ರಸಾಯನಶಾಸ್ತ್ರದ ಪ್ರಶ್ನೆಗಳನ್ನು ಬಿಡಿಸುವುದು ಸರಿಯೇ?

ನಾಲ್ವರು ಸೇರಿ ಅಧ್ಯಾಯಗಳನ್ನು ಹಂಚಿಕೊಂಡಿದ್ದೇವೆ, ಪ್ರತಿಯೊಬ್ಬರೂ ತಮ್ಮ ಪಾಲಿನ ಬಹು ಆಯ್ಕೆಯ ಪ್ರಶ್ನೆಗಳನ್ನು ಬಿಡಿಸಿ ಉತ್ತರಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತೇವೆ, ಹೀಗೆ ಗುಂಪಿನಲ್ಲಿ ಓದುವುದು ಮೇಲೋ ಒಬ್ಬರೇ ಓದುವುದು ಮೇಲೋ ಎಂದು ಕೇಳಿದ್ದೀರಿ. ಇದನ್ನು ಓದುತ್ತಿದ್ದಂತೆ ನನಗೆ ಧಾರವಾಡದ ನಮ್ಮ ಹಾಸ್ಟೆಲ್ ಕೋಣೆ ಮತ್ತು ಅದರ ಕಿಟಕಿಯ ಕಟ್ಟೆಯ ಮೇಲೆ ಸದಾ ಬಿದ್ದಿರುತ್ತಿದ್ದ ಇನ್ನೂರು ಪುಟದ ನೋಟ್‌ಬುಕ್ಕು ನೆನಪಾದವು. ನಾವೂ ನಾಲ್ವರೇ ಇದ್ದೆವು. ನಮ್ಮ ಕೈಯಲ್ಲಿ ಫೋನ್ ಇರಲಿಲ್ಲ ಎಂಬುದೊಂದೇ ವ್ಯತ್ಯಾಸ.

ಹಾಸ್ಟೆಲ್‌ನ ರೂಢಿಯಂತೆ ಎಲ್ಲರಿಗೂ ಊರಿನ ಹೆಸರೇ ಹೆಸರು: ಸವದತ್ತಿ, ಹಾನಗಲ್ಲ, ಗದಗ, ಮತ್ತು ನರಗುಂದ ಎಂದರೆ ನಾನು. ನಾಲ್ವರೂ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಉತ್ಕರ್ಷಣ, ಅಪಕರ್ಷಣ ಎಂದು ಕಲಿತಿದ್ದ ನಮಗೆ ಪಿಯುಸಿಯ ಮೊದಲ ವಾರಗಳಲ್ಲಿ ಆಕ್ಸಿಡೇಷನ್, ರಿಡಕ್ಷನ್ ಎಂಬ ಮಾತುಗಳು ಯಾವುದೋ ಹೊಸ ಪಾಠದಂತೆ ಕೇಳಿಸುತ್ತಿದ್ದವು. ನಮ್ಮ ಗುಂಪು ಹುಟ್ಟಿದ್ದೇ ಆ ಅಂಜಿಕೆಯಿಂದ. ಮೊದಲ ವರ್ಷವಿಡೀ ನಾವು ಮಾಡಿದ್ದು ಇಷ್ಟೇ: ಇಂಗ್ಲಿಷಿನ ಪ್ರಶ್ನೆಯನ್ನು ಒಬ್ಬ ಗಟ್ಟಿಯಾಗಿ ಓದಬೇಕು, ಮತ್ತೊಬ್ಬ ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕು, ಆಮೇಲೆ ನಾಲ್ವರೂ ಜಗಳವಾಡಬೇಕು. ಅದರಿಂದ ನನಗಾದ ಉಪಕಾರವನ್ನು ನಾನು ಮರೆತಿಲ್ಲ. ಆದ್ದರಿಂದ ಗುಂಪಿನಲ್ಲಿ ಓದಲೇಬೇಡಿ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ.

ದಾರಿ ತಪ್ಪಿದ್ದು ಎರಡನೆಯ ವರ್ಷದ ಡಿಸೆಂಬರ್‌ನಲ್ಲಿ. ಹಳೆಯ ಪ್ರಶ್ನೆಪತ್ರಿಕೆಗಳ ರಾಶಿ ಮುಂದಿತ್ತು, ದಿನಗಳು ಸಾಲುತ್ತಿರಲಿಲ್ಲ. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಂತೆ ನಾವು ರಸಾಯನಶಾಸ್ತ್ರವನ್ನು ಪಾಲು ಮಾಡಿಕೊಂಡೆವು. ಮೋಲ್ ಲೆಕ್ಕ, ಸಮತೋಲನ, ವಿದ್ಯುತ್ ರಸಾಯನ ಮುಂತಾಗಿ ಲೆಕ್ಕ ಬರುವುದೆಲ್ಲವೂ ನನಗೆ. ಸಾವಯವ ಭಾಗವಿಡೀ ಸವದತ್ತಿಗೆ. ಲೋಹಗಳು, ಧಾತುಗಳ ಗುಂಪುಗಳು ಹಾನಗಲ್ಲನಿಗೆ. ಘನಸ್ಥಿತಿ, ಪಾಲಿಮರ್‌ನಂಥ ಬಿಡಿ ಅಧ್ಯಾಯಗಳು ಗದಗಿನವನಿಗೆ. ಪ್ರತಿಯೊಬ್ಬನೂ ತನ್ನ ಪಾಲಿನ ಪ್ರಶ್ನೆಗಳನ್ನು ಬಿಡಿಸಿ, ಆ ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ಸಂಖ್ಯೆ, ಸರಿ ಉತ್ತರದ ಅಕ್ಷರ ಮತ್ತು ಒಂದೇ ಸಾಲಿನಲ್ಲಿ ಕಾರಣ ಬರೆಯಬೇಕು. ಉಳಿದ ಮೂವರು ರಾತ್ರಿ ಊಟದ ನಂತರ ಅದನ್ನು ಓದಿಕೊಳ್ಳಬೇಕು. ಭಾನುವಾರಗಳಂದು ಒಂದು ಇಡೀ ಪತ್ರಿಕೆಯನ್ನು ನಾಲ್ವರೂ ಸೇರಿ ಬಿಡಿಸುತ್ತಿದ್ದೆವು. 60ಕ್ಕೆ 52, ಕೆಲವೊಮ್ಮೆ 54 ಬರುತ್ತಿತ್ತು. ಆ 54 ನನ್ನದೇ ಅಂಕ ಎಂದು ನಾನು ನಂಬಿಕೊಂಡೆ. ಉಳಿದ ಮೂವರೂ ಅದು ತಮ್ಮದೆಂದೇ ನಂಬಿದ್ದರು.

ನಮ್ಮ ಕಾಲದ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆಗಳು, ಒಟ್ಟು 80 ನಿಮಿಷ, ಅದರಲ್ಲಿ ಉತ್ತರಿಸಲು ಸಿಗುತ್ತಿದ್ದದ್ದು 70 ನಿಮಿಷ. ಎರಡನೆಯ ದಿನದ ಮಧ್ಯಾಹ್ನ ರಸಾಯನಶಾಸ್ತ್ರ. ನನ್ನ ಪಾಲಿನ ಲೆಕ್ಕಗಳನ್ನು ಸಲೀಸಾಗಿ ಮುಗಿಸಿದೆ. ಮುಂದೆ ಒಂದು ಪ್ರಶ್ನೆ: ಪೆರಾಕ್ಸೈಡ್ ಇರುವಾಗ ಪ್ರೊಪೀನ್ ಜೊತೆ ಹೈಡ್ರೋಜನ್ ಕ್ಲೋರೈಡ್ ಸೇರಿದರೆ ಏನು ಸಿಗುತ್ತದೆ? ನೋಡಿದ ಕೂಡಲೇ ಸವದತ್ತಿಯ ಕೈಬರಹ ಕಣ್ಣಿಗೆ ಕಟ್ಟಿತು: ‘ಪೆರಾಕ್ಸೈಡ್ ಇದ್ದರೆ ಉಲ್ಟಾ.’ ಹತ್ತು ಸೆಕೆಂಡು ಕೂಡ ಯೋಚಿಸದೆ 1-ಕ್ಲೋರೊಪ್ರೊಪೇನ್ ಎಂಬುದರ ಎದುರಿನ ವೃತ್ತವನ್ನು ಕಪ್ಪು ಮಾಡಿದೆ. ಸರಿಯುತ್ತರ 2-ಕ್ಲೋರೊಪ್ರೊಪೇನ್. (ಕ್ಲೋರಿನ್ ಎಷ್ಟನೆಯ ಕಾರ್ಬನ್ ಮೇಲಿದೆ ಎಂಬುದನ್ನು ಮುಂದಿನ ಅಂಕೆ ಹೇಳುತ್ತದೆ: 1 ಎಂದರೆ ತುದಿ, 2 ಎಂದರೆ ನಡು.)

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನನ್ನ ತಪ್ಪಿನ ಬೇರು ಇಲ್ಲಿಯೇ ಇದೆ. ಸಾಮಾನ್ಯವಾಗಿ ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರುವಾಗ ಮೊದಲು ಹೈಡ್ರೋಜನ್ ಅಯಾನು ತುದಿಯ ಕಾರ್ಬನ್‌ಗೆ ಅಂಟುತ್ತದೆ, ಧನ ವಿದ್ಯುದಂಶ ನಡುವಿನ ಕಾರ್ಬನ್ ಮೇಲೆ ಉಳಿಯುತ್ತದೆ, ಏಕೆಂದರೆ ಅದು ಅಲ್ಲಿ ಹೆಚ್ಚು ಸ್ಥಿರ; ಆಮೇಲೆ ಬ್ರೋಮಿನ್ ಆ ನಡುವಿನ ಜಾಗಕ್ಕೆ ಬಂದು ಕೂರುತ್ತದೆ. ಇದು 1869ರಿಂದ ಗೊತ್ತಿರುವ ಮಾರ್ಕೊವ್ನಿಕೊವ್ ನಿಯಮ. ಪೆರಾಕ್ಸೈಡ್ ಹಾಕಿದರೆ ಅದು ಒಡೆದು ಒಂಟಿ ಎಲೆಕ್ಟ್ರಾನ್ ಹೊತ್ತ ಚುರುಕಾದ ತುಣುಕುಗಳು, ಅಂದರೆ ಮುಕ್ತ ರ್‍ಯಾಡಿಕಲ್‌ಗಳಾಗುತ್ತದೆ, ಅವು ಹೈಡ್ರೋಜನ್ ಬ್ರೋಮೈಡ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತವೆ, ಬಿಡುಗಡೆಯಾದ ಬ್ರೋಮಿನ್ ಪರಮಾಣುವೇ ಈಗ ಮೊದಲು ಹೋಗಿ ತುದಿಯ ಕಾರ್ಬನ್ ಹಿಡಿಯುತ್ತದೆ. ಸಿಗುವುದು 1-ಬ್ರೋಮೊಪ್ರೊಪೇನ್. ಖರಾಶ್ ಮತ್ತು ಮೇಯೊ 1933ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡದ್ದು ಇದನ್ನೇ. ಹೈಡ್ರೋಜನ್–ಕ್ಲೋರಿನ್ ಬಂಧವಾದರೋ ಮೋಲ್‌ಗೆ 430.5 ಕಿಲೋಜೌಲ್‌ನಷ್ಟು ಗಟ್ಟಿ, ಬ್ರೋಮಿನ್‌ನೊಂದಿಗಿನ ಬಂಧ 363.7; ಕ್ಲೋರೈಡ್‌ನ ಬಂಧವನ್ನು ರ್‍ಯಾಡಿಕಲ್‌ ಸೀಳಲಾರದು. ಅಯೋಡೈಡ್‌ನ ಬಂಧ 296.8, ಸುಲಭವಾಗಿ ಒಡೆಯುತ್ತದೆ, ಆದರೆ ಬಿಡುಗಡೆಯಾದ ಅಯೋಡಿನ್ ಪರಮಾಣುಗಳು ಪ್ರೊಪೀನ್ ಕಡೆಗೆ ಹೋಗದೆ ತಮ್ಮತಮ್ಮಲ್ಲೇ ಜೋಡಿಯಾಗಿಬಿಡುತ್ತವೆ. ಹೀಗಾಗಿ ಉಲ್ಟಾ ಆಗುವುದು ಬ್ರೋಮೈಡ್ ಒಂದರಲ್ಲಿ ಮಾತ್ರ.

ಸವದತ್ತಿಯವನಿಗೆ ಇದೆಲ್ಲ ಗೊತ್ತಿತ್ತು. ಅವನು ಬಿಡಿಸಿದ ಹಳೆಯ ಪ್ರಶ್ನೆಯಲ್ಲಿ ಇದ್ದದ್ದು ಹೈಡ್ರೋಜನ್ ಬ್ರೋಮೈಡ್. ಪ್ರಶ್ನೆ ಎದುರಿಗಿರುವಾಗ ಅದರ ಹೆಸರನ್ನು ಮತ್ತೆ ಬರೆಯುವ ಅಗತ್ಯ ಅವನಿಗೆ ಕಾಣಲಿಲ್ಲ. ಅವನ ಪಾಲಿಗೆ ಆ ಸಾಲು ಒಂದು ಗುರುತು, ತಾನು ಅರ್ಧ ಗಂಟೆ ಯೋಚಿಸಿದ್ದನ್ನು ನೆನಪಿಗೆ ತರುವ ಗಂಟು. ನನ್ನ ಪಾಲಿಗೆ ಅದು ನಿಯಮವಾಯಿತು. ಸಾಲಿನಲ್ಲಿ ತಪ್ಪಿರಲಿಲ್ಲ, ಬರೆದವನಲ್ಲೂ ತಪ್ಪಿರಲಿಲ್ಲ. ಪೆನ್ನು ಹಿಡಿದು ಒಮ್ಮೆಯೂ ಆ ಕ್ರಿಯೆಯನ್ನು ಬರೆದು ನೋಡದ ನಾನು, ಇನ್ನೊಬ್ಬನ ಗಂಟನ್ನು ನನ್ನ ಪಂಚೆಯ ಸೆರಗಿಗೆ ಕಟ್ಟಿಕೊಂಡು ಅದರೊಳಗೆ ಹಣವಿದೆ ಎಂದುಕೊಂಡಿದ್ದೆ.

ಕೀ ಉತ್ತರ ಪ್ರಕಟವಾದಾಗ ಎಣಿಸಿದೆ. 60ಕ್ಕೆ 37. ತಪ್ಪಾದ 23ರಲ್ಲಿ 13 ಸಾವಯವ, 7 ಹಾನಗಲ್ಲನ ಪಾಲಿನವು, 2 ಗದಗಿನವನವು, ನನ್ನ ಪಾಲಿನದು ಒಂದೇ ಒಂದು. ಸಂಜೆ ಉಳಿದವರದನ್ನೂ ಕೇಳಿದೆ. ಸವದತ್ತಿಗೆ ಸಾವಯವ ಹೆಚ್ಚುಕಡಿಮೆ ಪೂರ್ತಿ ಸರಿ, ಲೆಕ್ಕಗಳು ಪೂರ್ತಿ ನೆಲಕಚ್ಚಿದ್ದವು. ಲೆಕ್ಕಗಳ ಒಂದೊಂದೇ ಸಾಲಿನ ಕಾರಣಗಳನ್ನು ಬರೆದುಕೊಟ್ಟವನು ನಾನೇ ಅಲ್ಲವೇ! ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬ ಲೆಕ್ಕದಲ್ಲಿ ನಾನು ಬಯಸಿದ್ದ ಶಾಖೆ ನನ್ನ ಕೈಗೆ ಸಿಗಲಿಲ್ಲ. ಸಿಕ್ಕಿದ್ದನ್ನು ಓದಿದೆ, ಕೆಲಸಕ್ಕೆ ಸೇರಿದೆ, ಅದು ಇಲ್ಲಿ ಬೇಡದ ಕಥೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಗುಂಪಿನಲ್ಲಿ ಓದುತ್ತಲೇ ಇಲ್ಲ. ನಾಲ್ವರು ಬೇರೆಬೇರೆಯಾಗಿ ಕುಳಿತು ಕಾಲು ಭಾಗವನ್ನು ಓದುತ್ತಿದ್ದೀರಿ, ಉಳಿದ ಮುಕ್ಕಾಲು ಭಾಗವನ್ನು ಓದಿದ್ದೇವೆಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದೀರಿ. ‘14–ಸಿ, 15–ಎ’ ಎಂಬ ಸಂದೇಶದಿಂದ ಯಾರಿಗೂ ನಯಾಪೈಸೆಯ ಲಾಭವಿಲ್ಲ. ಕೀ ಉತ್ತರ ಬೇಕಿದ್ದರೆ ಅದು ಹೇಗೂ ಸಿಗುತ್ತದೆ, ಅದಕ್ಕೆ ಸ್ನೇಹಿತರು ಬೇಕಿಲ್ಲ.

ಸ್ನೇಹಿತರು ಬೇಕಾಗುವುದು ತಪ್ಪು ಉತ್ತರಗಳಿಗಾಗಿ. ಬಹು ಆಯ್ಕೆಯ ಪ್ರಶ್ನೆ ತಯಾರಿಸುವವರು ಉಳಿದ ಮೂರು ಆಯ್ಕೆಗಳನ್ನು ಸುಮ್ಮನೆ ತುಂಬುವುದಿಲ್ಲ; ವಿದ್ಯಾರ್ಥಿ ಎಲ್ಲಿ ಕಾಲು ಜಾರುತ್ತಾನೆಂದು ಊಹಿಸಿ, ಜಾರಿದವನಿಗೆ ಸಿಗುವ ಉತ್ತರವನ್ನೇ ಅಲ್ಲಿ ಇಟ್ಟಿರುತ್ತಾರೆ. ಒಬ್ಬನೇ ಕುಳಿತರೆ ನಿಮಗೆ ಕಾಣುವುದು ನಿಮ್ಮ ಜಾರುವಿಕೆ ಒಂದೇ. ಪಾಲು ಮಾಡಿಕೊಂಡ ಮೇಲೂ ಒಂದು ರಾತ್ರಿ ಕರೆಂಟು ಹೋಗಿದ್ದರಿಂದ ನಾವು ನಾಲ್ವರೂ ಒಂದೇ ಪ್ರಶ್ನೆಗೆ ಕುಳಿತಿದ್ದೆವು: ಹತ್ತರ ಮೈನಸ್ ಎಂಟನೇ ಘಾತದಷ್ಟು ಮೋಲಾರ್ ಇರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? (ಪಿಎಚ್ 7 ಎಂದರೆ ಶುದ್ಧ ನೀರು, ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.) ಗದಗಿನವನು ಸೂತ್ರ ಹಾಕಿ 8 ಎಂದ. ಸವದತ್ತಿ, ಆಮ್ಲ ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ 7 ಎಂದ. ಹಾನಗಲ್ಲನು ಆಮ್ಲವೆಂದ ಮೇಲೆ 6 ಇರಲೇಬೇಕೆಂದ. ಆಗ ಅವನೇ ಗದಗಿನವನ ಕಡೆ ತಿರುಗಿ, “ಲೇ, ಹುಣಸಿಹುಳಿಗೆ ಎಷ್ಟು ನೀರು ಸುರುವಿದರೂ ಅದು ಸಬಕಾರದ ನೀರು ಆಗತೈತೇನು?” ಎಂದು ಕೇಳಿದ. ನಕ್ಕೆವು, ಆದರೆ ಲೆಕ್ಕ ಅಲ್ಲಿಂದಲೇ ಬಿಚ್ಚಿಕೊಂಡಿತು: ಶುದ್ಧ ನೀರೇ ಹತ್ತರ ಮೈನಸ್ ಏಳನೇ ಘಾತದಷ್ಟು ಹೈಡ್ರೋಜನ್ ಅಯಾನು ಕೊಡುತ್ತದೆ, ಆಮ್ಲದ್ದು ಅದರ ಹತ್ತನೆಯ ಒಂದು ಭಾಗ ಮಾತ್ರ, ಎರಡನ್ನೂ ಲೆಕ್ಕಕ್ಕೆ ಹಿಡಿದರೆ ಪಿಎಚ್ 7ಕ್ಕಿಂತ ತುಸು ಕೆಳಗೆ, 6.98ರ ಸುಮಾರಿಗೆ ನಿಲ್ಲುತ್ತದೆ. ಆಯ್ಕೆಗಳನ್ನು ನೋಡಿದರೆ 8, 7, 6 ಮೂರೂ ಅಲ್ಲಿದ್ದವು. ನಮ್ಮ ಮೂವರ ತಪ್ಪುಗಳು ಅಚ್ಚಾಗಿ ಬಂದಿದ್ದವು. ಆ ಪ್ರಶ್ನೆಯನ್ನು ಯಾವ ರೂಪದಲ್ಲಿ ತಿರುಗಿಸಿ ಕೇಳಿದರೂ ನಾಲ್ವರಲ್ಲಿ ಒಬ್ಬರೂ ಮುಂದೆ ತಪ್ಪಲಿಲ್ಲ. ಮರುದಿನ ಕರೆಂಟು ಬಂತು, ನಾವು ಮತ್ತೆ ನೋಟ್‌ಬುಕ್ಕಿಗೆ ಮರಳಿದೆವು.

ನಿಮ್ಮಲ್ಲಿ ಇನ್ನೂ ತಿಂಗಳುಗಳಿದ್ದರೆ ಪಾಲುಪಟ್ಟಿಯನ್ನು ಇವತ್ತೇ ಹರಿದುಹಾಕಿ. ದಿನಕ್ಕೆ ಹತ್ತೇ ಪ್ರಶ್ನೆ ಸಾಕು, ಆದರೆ ಅದೇ ಹತ್ತನ್ನು ನಾಲ್ವರೂ ಬೇರೆಬೇರೆ ಕುಳಿತು ಬರೆದು ಬಿಡಿಸಿರಬೇಕು. ರಾತ್ರಿಯವರೆಗೆ ಗುಂಪಿನಲ್ಲಿ ಒಂದು ಅಕ್ಷರವೂ ಬೀಳಬಾರದು. ರಾತ್ರಿ ಮೊದಲು ಮಾತಾಡಬೇಕಾದವನು ತಪ್ಪು ಮಾಡಿದವನು, ತಾನು ಏಕೆ ಹಾಗೆ ಯೋಚಿಸಿದೆನೆಂದು ಅವನು ಹೇಳಬೇಕು. ಬುದ್ಧಿವಂತನು ಮೊದಲು ಬಾಯಿ ತೆರೆದರೆ ಉಳಿದವರ ಯೋಚನೆ ಅಲ್ಲಿಗೇ ನಿಲ್ಲುತ್ತದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹತ್ತು ಪ್ರಶ್ನೆಗಳಿಂದ ಪತ್ರಿಕೆಗಳೆಲ್ಲ ಮುಗಿಯುವುದಿಲ್ಲ ಎಂದು ನಿಮ್ಮಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ನಾವು ಎಲ್ಲ ಪತ್ರಿಕೆಗಳನ್ನೂ ಮುಗಿಸಿದ್ದೆವು.

ಇವತ್ತಿನ ಹತ್ತರಲ್ಲಿ ಇದೊಂದು ಇರಲಿ: ಪೆರಾಕ್ಸೈಡ್ ಇರುವಾಗ 2-ಮೀಥೈಲ್‌ಪ್ರೊಪೀನ್ ಜೊತೆ ಹೈಡ್ರೋಜನ್ ಅಯೋಡೈಡ್ ಸೇರಿದರೆ ಅಯೋಡಿನ್ ಯಾವ ಕಾರ್ಬನ್ ಮೇಲೆ ಕೂರುತ್ತದೆ? ಉತ್ತರವನ್ನು ನಾನು ಬರೆಯುವುದಿಲ್ಲ.