ಹೊಸೂರಲ್ಲಿ ಪಟಾಕಿ ಅರ್ಧ ರೇಟಿಗೆ ಸಿಗುತ್ತಂತೆ, ರೈಲಲ್ಲಿ ದಾವಣಗೆರೆಗೆ ತರಬಹುದಾ?

ಈ ಅರ್ಧ ರೇಟಿನ ಲೆಕ್ಕ ಒಂದು ಕಾಲಕ್ಕೆ ನಾನೂ ಹಾಕಿದವನೇ. ಅದಕ್ಕೇ ನೇರವಾಗಿ ಹೇಳ್ತೀನಿ, ತರಬೇಡಿ. ಬ್ಯಾಗಿನಲ್ಲಿ ಒಂದೇ ಒಂದು ಸುರ್‌ಸುರ್ ಬತ್ತಿ ಪೊಟ್ಟಣ ಇದ್ದರೂ ರೈಲಿನಲ್ಲಿ ಅಪರಾಧ. ರೈಲ್ವೆ ಕಾಯ್ದೆಯ 164ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆನ್‌ಲೈನ್‌ನಲ್ಲಿ ತರಿಸ್ತೀನಿ ಅಂತೀರಾ, ಅದನ್ನೂ ಸುಪ್ರೀಂ ಕೋರ್ಟ್ 2018ರಲ್ಲೇ ನಿಲ್ಲಿಸಿದೆ. ಅಷ್ಟಕ್ಕೂ ಆ ಅರ್ಧ ರೇಟು ಅನ್ನೋದೇ ಪೊಳ್ಳು. ಬಾಕ್ಸಿನ ಮೇಲೆ ಎಂಆರ್‌ಪಿಯನ್ನ ಹಲವು ಪಟ್ಟು ಏರಿಸಿ ಅಚ್ಚು ಹಾಕಿರ್ತಾರೆ, ಆಮೇಲೆ ಡಿಸ್ಕೌಂಟ್ ಬೋರ್ಡು ನೇತು ಹಾಕ್ತಾರೆ.

ನಮ್ಮಲ್ಲೇ ಹಬ್ಬಕ್ಕೆ ಹೈಸ್ಕೂಲ್ ಮೈದಾನದಲ್ಲಿ ಮಳಿಗೆ ಹಾಕ್ತಾರಲ್ಲ, ಅಲ್ಲಿ ತಗೊಳ್ಳಿ. ಲೈಸೆನ್ಸ್ ಕಾಣುವ ಹಾಗೆ ನೇತು ಹಾಕಿರಬೇಕು. ಮಳಿಗೆ ತಗಡಿನದ್ದಾಗಿರಬೇಕು, ಶಾಮಿಯಾನದ್ದಲ್ಲ. ಪಕ್ಕದ ಮಳಿಗೆಗೆ ಕನಿಷ್ಠ 3 ಮೀಟರ್ ಅಂತರ ಇರಬೇಕು, ಒಂದರ ಬಾಯಿ ಇನ್ನೊಂದಕ್ಕೆ ಎದುರಾಗಿರಬಾರದು. ಪ್ಯಾಕ್ ಮೇಲೆ ಕೇಂದ್ರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ಯ ಹಸಿರು ಪಟಾಕಿ ಲೋಗೊ, ಕ್ಯೂಆರ್ ಕೋಡ್ ಎರಡೂ ನೋಡಿ. ಹಸಿರು ಅಂದರೆ ಸದ್ದಿಲ್ಲದ್ದು ಅಂತಲ್ಲ. ಬೇರಿಯಂ ಬಿಟ್ಟಿರ್ತಾರೆ, ಹೊಗೆ–ದೂಳು ಸುಮಾರು 30% ಕಡಿಮೆ, ಅಷ್ಟೇ. ಸರಪಟಾಕಿ ಮಾರೋದು, ಹಚ್ಚೋದು ಎರಡೂ ನಿಷೇಧ. "ಒಳಗಡೆ ಇದೆ ಅಣ್ಣಾ" ಅಂದರೆ ಆ ಅಂಗಡಿಯಿಂದಲೇ ಎದ್ದು ಬನ್ನಿ. ಬತ್ತಿಯ ಕಾಗದ ಹರಿದಿದ್ದರೆ, ಡಬ್ಬಿ ಮೆತ್ತಗಾಗಿದ್ದರೆ ಬೇಡ.

ರೇಟಿಗಿಂತ ನೀವು ತಲೆ ಕೆಡಿಸಿಕೊಳ್ಳಬೇಕಾದ್ದು ಟುಸ್ಸಾದ ಹೂಕುಂಡದ ಬಗ್ಗೆ. ಕಣ್ಣು ಹೋಗೋದು ಇಲ್ಲೇ. ಬತ್ತಿಗೆ ತೇವ ತಗುಲಿದ್ದರೆ ಕಿಡಿ ಮೇಲೆ ಆರಿದ ಹಾಗೆ ಕಾಣುತ್ತೆ, ಒಳಗೆ ಮಾತ್ರ ಸದ್ದಿಲ್ಲದೆ ಇಳೀತಾ ಇರುತ್ತೆ. ಒಣ ಮದ್ದು ಸಿಕ್ಕ ಕೂಡಲೇ ಒಮ್ಮೆಲೇ ಹತ್ತುತ್ತೆ. ಬಾಯಿ ಕಟ್ಟಿದ್ದರಂತೂ ಹೊಗೆಗೆ ಹೊರಬರಲು ದಾರಿಯಿಲ್ಲ, ಕುಂಡವೇ ಸಿಡಿಯುತ್ತೆ. ಆ ಹೊತ್ತಿಗೆ ಸರಿಯಾಗಿ ಯಾರೋ "ಯಾಕೆ ಹತ್ತಲಿಲ್ಲ" ಅಂತ ಮೇಲೆ ಬಗ್ಗಿರ್ತಾರೆ! ಮತ್ತೆ ಹಚ್ಚೋಣ ಅಂದರೆ ಉಳಿದಿರೋದು ಗುಲಗಂಜಿಯಷ್ಟು ಬತ್ತಿ, ಹಿಂದೆ ಸರಿಯೋಕೆ ಹೊತ್ತೇ ಸಿಗಲ್ಲ. ಕುಂಡದ ಮೇಲೆ ತಗಡಿನ ಡಬ್ಬಿ ಮುಚ್ಚಿದರೆ ಆರುತ್ತೆ ಅನ್ನೋದು ಇನ್ನೂ ದೊಡ್ಡ ತಪ್ಪು. ಮದ್ದಿನಲ್ಲಿ ಪೆಟ್ಲುಪ್ಪಿನಂಥ ಲವಣ ಇರುತ್ತೆ, ಉರಿಯೋಕೆ ಬೇಕಾದ ಆಮ್ಲಜನಕ ಅದರಿಂದಲೇ ಬರುತ್ತೆ, ಹೊರಗಿನ ಗಾಳಿ ಬೇಡ. ಮುಚ್ಚಿದ ತಗಡೇ ಚೂರಾಗಿ ಹಾರುತ್ತೆ. ಹಾಗಾಗಿ 20 ನಿಮಿಷ ಯಾರೂ ಹತ್ತಿರ ಹೋಗಬೇಡಿ, ಮಕ್ಕಳನ್ನ ಒಳಗೆ ಕಳಿಸಿ. ಆಮೇಲೆ ದೂರದಿಂದಲೇ ಬಕೆಟ್ ನೀರು ಎರಚಿ. ಒಂದು ಹೂಕುಂಡಕ್ಕೆ ಎಷ್ಟು ದುಡ್ಡು ಕೊಟ್ಟಿದ್ದೀರಿ ಮಹಾ?

ಹಚ್ಚುವಾಗ ಉದ್ದನೆಯ ಕೋಲಿನ ತುದಿಗೆ ಊದಿನಕಡ್ಡಿ ಕಟ್ಟಿಕೊಳ್ಳಿ, ತೋಳು ಚಾಚಿ, ಮುಖ ಪಕ್ಕಕ್ಕೆ ಮಾಡಿ ಹಚ್ಚಿ. ನೈಲಾನ್, ಪಾಲಿಯೆಸ್ಟರ್ ಬೇಡ, ಕರಗಿ ಚರ್ಮಕ್ಕೆ ಅಂಟುತ್ತೆ. ಗಿರಣಿ ಊರಿನವರಿಗೆ ಹತ್ತಿ ಬಟ್ಟೆ ಹಾಕಿಕೊಳ್ಳಿ ಅಂತ ಹೇಳಿಕೊಡಬೇಕಾ? ಸುರ್‌ಸುರ್ ಬತ್ತಿ ಆರಿದ ಮೇಲೂ ತಂತಿ ಕಾದಿರುತ್ತೆ, ಬರಿಗಾಲಲ್ಲಿ ತುಳಿದವರೇ ಜಾಸ್ತಿ. ನೇರ ಬಕೆಟ್ ನೀರಿಗೆ ಹಾಕಿ. ರಾಕೆಟ್ಟನ್ನ ಬಾಟಲಿಯಲ್ಲಿಟ್ಟರೆ ಬಾಟಲಿ ಉರುಳಿ ರಾಕೆಟ್ ಅಡ್ಡ ಹಾರುತ್ತೆ. ಮರಳಿನ ಬಕೆಟ್ಟಿನಲ್ಲಿ ಪೈಪ್ ನೆಟ್ಟು ಬಿಡಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿದ್ದರೆ ರಾಕೆಟ್ ಬೇಡವೇ ಬೇಡ, ಹೊಟ್ಟಿನ ರಾಶಿಗೆ ಒಂದು ಕಿಡಿ ಸಾಕು. ಹಳ್ಳಿಯಲ್ಲಾದರೆ ಬಣವೆ, ಒಣಗಲು ಹಾಕಿದ ಮೆಕ್ಕೆಜೋಳ ನೋಡಿಕೊಳ್ಳಿ.

ಪಟಾಕಿ ಹಚ್ಚೋ ಹೊತ್ತು ರಾತ್ರಿ 8ರಿಂದ 10. ಆಸ್ಪತ್ರೆ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಚಿಗಟೇರಿ ಆಸ್ಪತ್ರೆ ಅಕ್ಕಪಕ್ಕದವರು ಇದನ್ನ ಮರೆಯೋದೇ ಹೆಚ್ಚು.

ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ತುಪ್ಪ ಏನೂ ಹಚ್ಚಬೇಡಿ. ಕಣ್ಣಿಗೆ ಸಿಡಿದರೆ ಉಜ್ಜಬೇಡಿ, ಒತ್ತಬೇಡಿ, ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಟುಸ್ಸಾದವನ್ನ ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಗ್ಗೆ ಕಸದ ಗಾಡಿಯವರಿಗೆ ಬೇರೆಯಾಗಿ, ಇದು ಪಟಾಕಿ ಅಂತ ಹೇಳಿಯೇ ಕೊಡಿ.