ಡೆನ್ಮಾರ್ಕ್ ಹ್ಯಾಂಡ್‌ಬಾಲ್ ಲೀಗಿನಲ್ಲಿ ಪಟ್ಟಿಯ ಮೊದಲಿಗರಿಗೇ ಕಪ್ ಯಾಕಿಲ್ಲ?

ಡೆನ್ಮಾರ್ಕಿನ ಪುರುಷರ ಲೀಗಿನಲ್ಲಿ 26 ಪಂದ್ಯ ಆಡಿ ಮೊದಲ ಸ್ಥಾನಕ್ಕೆ ಬಂದ ತಂಡ ಕಪ್ಪಿಗಾಗಿ ಮತ್ತೆ ಪ್ಲೇಆಫ್ (ಲೀಗ್ ನಂತರದ ನಿರ್ಣಾಯಕ ಸುತ್ತು) ಆಡುವುದೇಕೆ ಎಂದು ಕೇಳಿದ್ದೀರಿ. ಆ 26 ಪಂದ್ಯ ವ್ಯರ್ಥವಲ್ಲ, ಅದರ ಫಲ ಪ್ಲೇಆಫ್‌ಗೂ ಬರುತ್ತದೆ.

14 ತಂಡಗಳು ಪರಸ್ಪರ ಎರಡೆರಡು ಸಲ ಆಡುತ್ತವೆ, ತವರಿನಲ್ಲೊಮ್ಮೆ, ಹೊರಗೊಮ್ಮೆ. ಗೆದ್ದರೆ 2 ಪಾಯಿಂಟ್, ಸಮವಾದರೆ 1. ಪ್ಲೇಆಫ್‌ಗೆ ಮೊದಲ ಎಂಟು ತಂಡಗಳನ್ನು ನಾಲ್ಕು ನಾಲ್ಕರ ಎರಡು ಗುಂಪು ಮಾಡುತ್ತಾರೆ. ಪಟ್ಟಿಯಲ್ಲಿ 1 ಮತ್ತು 2ನೆಯವರು 2 ಪಾಯಿಂಟ್ ಕೈಯಲ್ಲಿಟ್ಟುಕೊಂಡೇ ಗುಂಪಿಗೆ ಬರುತ್ತಾರೆ. 3 ಮತ್ತು 4ನೆಯವರಿಗೆ 1, ಉಳಿದವರಿಗೆ ಸೊನ್ನೆ. ಗುಂಪಿನಲ್ಲಿ ಇರುವುದೇ ಆರು ಪಂದ್ಯ. ಹಾಗಿರುವಾಗ 2 ಪಾಯಿಂಟ್ ಎಂದರೆ ಒಂದು ಗೆಲುವು ಮೊದಲೇ ಜಮೆಯಾದಂತೆ. ಸೀಸನ್ನಿನ ಕೊನೆಯ ವಾರಗಳಲ್ಲಿ ಎರಡನೇ ಸ್ಥಾನಕ್ಕೂ ಅಷ್ಟು ಗುದ್ದಾಟ ನಡೆಯುವುದು ಇದಕ್ಕೇ. ಪ್ರತಿ ಗುಂಪಿನಿಂದ ಇಬ್ಬರು ಸೆಮಿಫೈನಲ್‌ಗೆ ಹೋಗುತ್ತಾರೆ, ಅಲ್ಲಿ ಮೂರು ಪಂದ್ಯಗಳಲ್ಲಿ ಎರಡು ಗೆಲ್ಲಬೇಕು. ನನ್ನ ಮಟ್ಟಿಗೆ ಇದು ನ್ಯಾಯವಾದ ಪದ್ಧತಿ.

ಪದ್ಧತಿ ನ್ಯಾಯವಾಗಿದ್ದರೆ ಮಾತ್ರ ಸಾಲದು. ಸುಮಾರು 60 ಲಕ್ಷ ಜನರ ದೇಶದಲ್ಲಿ ಲೀಗ್ ನಡೆಸುವಾಗ ದುಡ್ಡಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಎಜಿ ಕೋಪನ್‌ಹೇಗನ್ ತೋರಿಸಿತು. 2010ರಲ್ಲಿ ಹುಟ್ಟಿದ ಕ್ಲಬ್ ಅದು. ಡೆನ್ಮಾರ್ಕಿನ ತಾರಾ ಆಟಗಾರ ಮಿಕೆಲ್ ಹ್ಯಾನ್ಸೆನ್‌ರಂಥವರನ್ನು ತಂದು 2011 ಮತ್ತು 2012ರಲ್ಲಿ ಚಾಂಪಿಯನ್ ಆಯಿತು. 2011ರ ಫೈನಲ್ ಅನ್ನು ಪಾರ್ಕೆನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ 36,651 ಮಂದಿ ನೋಡಿದರು. 2012ರ ಜುಲೈನಲ್ಲಿ ಕ್ಲಬ್ ದಿವಾಳಿ. ಹ್ಯಾನ್ಸೆನ್ ಪ್ಯಾರಿಸ್‌ಗೆ ಹೋದರು, 2022ರಲ್ಲಿ ಡೆನ್ಮಾರ್ಕಿಗೆ ಮರಳಿ ಆಲ್ಬೋರ್ಗ್ ಕ್ಲಬ್ ಸೇರಿದರು. ಆಲ್ಬೋರ್ಗ್ 2024ರಲ್ಲಿ ಯುರೋಪಿನ ಕ್ಲಬ್‌ಗಳ ಹ್ಯಾಂಡ್‌ಬಾಲ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾಗೆ ಸೋತಿದ್ದು 30-31ರಲ್ಲಿ, ಒಂದೇ ಗೋಲಿನಿಂದ!

ಪ್ಲೇಆಫ್ ನೋಡುವಾಗ ಗೋಲ್‌ಕೀಪರ್ ಮೇಲೆ ಕಣ್ಣಿಡಿ. ಕೀಪರ್ ಬಿಟ್ಟು ಆಡುವ ಆರು ಜನರಲ್ಲಿ ಒಬ್ಬ ಶಿಕ್ಷೆಯಾಗಿ 2 ನಿಮಿಷ ಹೊರಗೆ ಕುಳಿತಾಗ, ದಾಳಿಗೆ ಆರು ಜನ ಸಿಗಲಿ ಎಂದು ಕೀಪರ್‌ನನ್ನು ಬೆಂಚಿಗೆ ಕರೆದು ಇನ್ನೊಬ್ಬನನ್ನು ಇಳಿಸುತ್ತಾರೆ. ಆಗ ಒಂದು ಪಾಸ್ ಎದುರಾಳಿಯ ಕೈಗೆ ಬಿದ್ದರೆ ಸಾಕು, 40 ಮೀಟರ್ ಅಂಗಳದ ಆ ತುದಿಯಿಂದಲೇ ಖಾಲಿ ಗೋಲಿಗೆ ಎಸೆಯುತ್ತಾರೆ. ರೆಫರಿ ಕೈ ಎತ್ತಿದರೆ ಅದು ನಿಧಾನದ ಆಟಕ್ಕೆ ಎಚ್ಚರಿಕೆ. ಕೈ ಎತ್ತಿದ ಮೇಲೆ ಗೋಲಿಗೆ ಎಸೆಯುವ ಮೊದಲು ನಾಲ್ಕೇ ಪಾಸ್ ಮಾಡಬಹುದು, ಇದು 2022ರಿಂದ ಬಂದ ನಿಯಮ. ಗಾಬರಿಯ ಪಾಸ್ ತಪ್ಪುವುದು ಹೆಚ್ಚಾಗಿ ಇಲ್ಲೇ, ಆ ಹೊತ್ತಿಗೆ ಗೋಲು ಖಾಲಿಯಿದ್ದರೆ ಎರಡು ಗೋಲಿನ ಮುನ್ನಡೆ ಅರ್ಧ ನಿಮಿಷದಲ್ಲಿ ಕರಗುತ್ತದೆ.